ಆಟದ ಪೀರಿಯಡ್‌ನಿಂದ ವಿನಾಯಿತಿ

14 ಜುಲೈ 2025, ಸೋಮವಾರ
ಜಯನಗರ, ಬೆಂಗಳೂರು

ಎಂಟನೇ ತರಗತಿಯ ಹುಡುಗಿಯೊಬ್ಬಳ ತಾಯಿ ಇಂದು ಶಾಲೆಗೆ ಬಂದು, ಮಗಳಿಗೆ ವರ್ಷವಿಡೀ ಆಟದ ಪೀರಿಯಡ್‌ನಿಂದ ವಿನಾಯಿತಿ ಬೇಕೆಂದು ಅರ್ಜಿ ಕೊಟ್ಟರು. ಅವಳಿಗೆ ಮಕ್ಕಳ ಸಂಧಿವಾತವಿದೆ. "ಮೇಡಂ, ಆಡಿ ಆಡಿ ಮಂಡಿ ಸವೆದುಹೋದರೆ ಏನು ಗತಿ?" ಎಂದು ಅವರು ಕೇಳಿದ್ದು ಸಹಜವೇ, ವಿಶ್ರಾಂತಿಯೇ ಮದ್ದೆಂದು ವೈದ್ಯರೂ ಹೇಳುತ್ತಿದ್ದ ಕಾಲವೊಂದಿತ್ತು. ಆದರೆ 16 ವರ್ಷ ತುಂಬುವ ಮೊದಲೇ ಶುರುವಾಗುವ ಈ ಕಾಯಿಲೆ ಅಜ್ಜಿಯರ ಮಂಡಿ ಸವೆತವಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ತಿರುಗಿಬಿದ್ದು ಉರಿಯೂತ ಉಂಟಾಗುತ್ತದೆ. ಅದನ್ನು ತಗ್ಗಿಸಲು ಅವಳು ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್ ಎಂಬ ಔಷಧಿ ತೆಗೆದುಕೊಳ್ಳುತ್ತಿದ್ದಾಳೆ. ಬೆಂಚಿನ ಮೇಲೆ ಕೂತರೆ ಅದು ತಗ್ಗುವುದಿಲ್ಲ.

ಕೂತರೆ ಆಗುವ ನಷ್ಟವೇ ಹೆಚ್ಚು. ಎಡತೊಡೆ ಬಲತೊಡೆಗಿಂತ ಸಣಕಲಾಗಿದೆ ಎಂದು ಫಿಸಿಯೋಥೆರಪಿಸ್ಟ್ ಟೇಪು ಹಿಡಿದು ಅಳೆದು ಬರೆದಿದ್ದಾರೆ. ನೋವಿಗೆ ಹೆದರಿ ಕಾಲನ್ನು ಬಳಸದೆ ಬಿಟ್ಟಂತೆಲ್ಲ ತೊಡೆಯ ಸ್ನಾಯು ಸೊರಗುತ್ತದೆ, ಮಂಡಿಗೆ ಆಸರೆ ತಪ್ಪುತ್ತದೆ, ನೋವು ಇನ್ನಷ್ಟು ಬೇಗ ಬರುತ್ತದೆ. ಈ ಮಕ್ಕಳ ದಮ್ಮು ಸಾಮಾನ್ಯವಾಗಿ ಓರಗೆಯವರಿಗಿಂತ ಕಡಿಮೆ. ಸ್ಟೀರಾಯ್ಡ್ ಔಷಧಿಯಿಂದ ದುರ್ಬಲವಾಗಬಹುದಾದ ಮೂಳೆಗಂತೂ ದೇಹದ ಭಾರ ಹೊರುವ ಚಟುವಟಿಕೆ ಬೇಕೇ ಬೇಕು. ಸರಿಯಾದ ಮಾರ್ಗದರ್ಶನದಲ್ಲಿ ಮಾಡಿಸಿದ ವ್ಯಾಯಾಮದಿಂದ ಕಾಯಿಲೆ ಕೆರಳಿಲ್ಲವೆಂದೇ ಅಧ್ಯಯನಗಳಲ್ಲಿ ಕಂಡುಬಂದಿದೆ.

ಬೆಳಿಗ್ಗೆ ಅವಳು ಮೆಟ್ಟಿಲು ಹತ್ತುವುದನ್ನು ನೋಡಬೇಕು: ಕಂಬಿ ಹಿಡಿದು, ಪ್ರತಿ ಮೆಟ್ಟಿಲಿನಲ್ಲೂ ಎರಡೂ ಪಾದ ಊರಿ, ನಿಂತು, ಮತ್ತೆ ಮುಂದಿನದು. ಊಟದ ಬಿಡುವಿಗೆ ಅದೇ ಹುಡುಗಿ ದಡದಡನೆ ಇಳಿದು ಬರುತ್ತಾಳೆ. ಸಿಬ್ಬಂದಿ ಕೊಠಡಿಯಲ್ಲಿ ಒಬ್ಬರು ಇದನ್ನು ನಾಟಕವೆಂದರು. ಬೆಳಗಿನ ಬಿಗಿತ ಈ ಕಾಯಿಲೆಯ ಮುಖ್ಯ ಲಕ್ಷಣವೆಂದು ತಿಳಿಯದೆ ಹೀಗೆ ತೀರ್ಪು ಕೊಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಮ್ಮ ವೇಳಾಪಟ್ಟಿಯಲ್ಲಿ ಎಂಟನೇ ತರಗತಿಗೆ ಆಟ ಮೊದಲ ಪೀರಿಯಡ್‌ನಲ್ಲೇ ಇದೆ.

ಕುಕ್ಕರುಗಾಲಲ್ಲಿ ಕೂತು ಛಂಗನೆ ಎದ್ದು ತಿರುಗಬೇಕಾದ ಖೋ ಖೋ ಸದ್ಯಕ್ಕೆ ಬೇಡ. ನಡಿಗೆ, ಸೈಕಲ್, ಈಜು ಒಳ್ಳೆಯವು; ಮಣಿಕಟ್ಟು ಊದಿಲ್ಲದಿದ್ದರೆ ಥ್ರೋಬಾಲ್ ಕೂಡ ಆಗಬಹುದು. ಕೀಲು ಊದಿ ಬಿಸಿಯಾದ ದಿನ ಮೆಲ್ಲಗೆ ಮಡಿಸಿ ಚಾಚುವುದಷ್ಟೇ ಸಾಕು. ಆಡಿದ ಮರುದಿನವೂ ನೋವು ಉಳಿದರೆ ಅಳತೆ ಕಡಿಮೆ ಮಾಡಬೇಕು. ತಾಯಿಗೆ ಇಷ್ಟನ್ನೂ ವಿವರಿಸಿ, ವಿನಾಯಿತಿ ಪತ್ರದ ಬದಲು ಯಾವ ಚಲನೆಗಳನ್ನು ಮಾಡಬಹುದೆಂದು ವೈದ್ಯರಿಂದ ಬರೆಸಿಕೊಂಡು ಬರುವಂತೆ ಕೇಳಿದ್ದೇನೆ. ಅವರು ಪೂರ್ತಿ ಒಪ್ಪಿದಂತೆ ಕಾಣಲಿಲ್ಲ, ಆದರೂ ಅರ್ಜಿಯನ್ನು ವಾಪಸ್ ಪಡೆದರು. ಬಿಗಿತವಿರುವ ಬೆಳಗಿನಿಂದ ಆಟವನ್ನು ಸರಿಸಲು ಗಣಿತದ ಮೇಡಂ ತಮ್ಮ ಕೊನೆಯ ಪೀರಿಯಡ್ ಬಿಟ್ಟುಕೊಡಲು ಒಪ್ಪಿದ್ದಾರೆ, ಪರೀಕ್ಷೆಯ ತಿಂಗಳೊಂದನ್ನು ಬಿಟ್ಟು.