ಎರಡು ಲಿಥಿಯಂ ಬ್ಯಾಟರಿ ಪ್ಯಾರಲಲ್ ಮಾಡೋ ಮುಂಚೆ

ಮನೆ ಯುಪಿಎಸ್‌ಗೆ, ಸೋಲಾರ್‌ಗೆ ಈಗ ತುಂಬಾ ಜನ 12.8 ವೋಲ್ಟಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕಿಸುತ್ತಿದ್ದಾರೆ. ಬ್ಯಾಕಪ್ ಸಾಲದಿದ್ದರೆ ಅಂಥದ್ದೇ ಇನ್ನೊಂದು ತಂದು, ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸಿಬಿಡುತ್ತಾರೆ. ವೋಲ್ಟೇಜ್ ಅಷ್ಟೇ, ಆಂಪಿಯರ್-ಅವರ್ ಡಬಲ್. ಲೆಕ್ಕ ಸರಿ. ನನಗೆ ಭಯ ಇರೋದು ಸೇರಿಸುವ ಆ ಮೊದಲ ಕ್ಷಣದ ಬಗ್ಗೆ.

ಒಂದು ತುಂಬಿದೆ, ಇನ್ನೊಂದು ಖಾಲಿ ಅಂದ್ರೆ ತುಂಬಿದ್ದರಿಂದ ಖಾಲಿಯದಕ್ಕೆ ಕರೆಂಟ್ ನುಗ್ಗುತ್ತದೆ. ನಡುವೆ ಚಾರ್ಜರ್ ಇಲ್ಲ, ಹಿಡಿದು ನಿಲ್ಲಿಸೋಕೆ ಇರೋದು ಸೆಲ್ಲಿನ ಒಳಗಿನ ರೆಸಿಸ್ಟೆನ್ಸ್, ಬಿಎಂಎಸ್ (ಬ್ಯಾಟರಿ ಒಳಗಿನ ರಕ್ಷಣೆಯ ಸರ್ಕ್ಯೂಟ್), ವೈರು, ಅಷ್ಟೇ. ಎಲ್ಲಾ ಸೇರಿ 10 ಮಿಲಿಓಮ್ ಅಂತ ಇಟ್ಟುಕೊಳ್ಳಿ, ಬರೀ ಅರ್ಧ ವೋಲ್ಟ್ ವ್ಯತ್ಯಾಸಕ್ಕೇ 50 ಆಂಪಿಯರ್! ದೊಡ್ಡ ಬ್ಯಾಟರಿ ತಡೆದುಕೊಂಡೀತು, ಸಣ್ಣದಕ್ಕೆ ಕಷ್ಟ.

ಹಾಗಾದ್ರೆ ಮಲ್ಟಿಮೀಟರ್ ಇಟ್ಟು ನೋಡಿದರೆ ಆಯ್ತಲ್ವಾ? ಸಾಲದು. ಈ ಬ್ಯಾಟರಿ ಶೇಕಡ 40 ಇದ್ದರೂ, 80 ಇದ್ದರೂ ಮೀಟರಿನಲ್ಲಿ 13.1ರಿಂದ 13.3ರ ಆಸುಪಾಸೇ ತೋರಿಸುತ್ತದೆ. ಅದಕ್ಕೇ ಎರಡನ್ನೂ ಬೇರೆ ಬೇರೆಯಾಗಿ, ಕಂಪನಿ ಹೇಳಿದ ಚಾರ್ಜರ್‌ನಲ್ಲೇ ಫುಲ್ ಚಾರ್ಜ್ ಮಾಡಿ. ಕೆಲವು ಗಂಟೆ ಸುಮ್ನೆ ಬಿಡಿ. ಆಮೇಲೆ ಅಳೆಯಿರಿ. ವ್ಯತ್ಯಾಸ 0.1 ವೋಲ್ಟಿಗಿಂತ ಕಡಿಮೆ ಇರಲಿ.

ಆಗಲೂ ನಾನು ನೇರವಾಗಿ ಸೇರಿಸುವುದಿಲ್ಲ. ಮೈನಸ್ ಎರಡನ್ನೂ ಜೋಡಿಸಿ, ಎರಡು ಪ್ಲಸ್‌ಗಳ ನಡುವೆ 1 ಓಮ್, 10 ವಾಟಿನ ರೆಸಿಸ್ಟರ್ ಹಾಕುತ್ತೇನೆ. ಅದೇ ಬಿಳಿ ಸಿಮೆಂಟ್ ಥರದ್ದು, ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುತ್ತದೆ. ರೆಸಿಸ್ಟರಿನ ಎರಡು ತುದಿಗೆ ಮೀಟರ್ ಹಿಡಿದರೆ ಎಷ್ಟು ವೋಲ್ಟ್ ಕಾಣುತ್ತದೋ ಅಷ್ಟೇ ಆಂಪಿಯರ್ ಹರಿಯುತ್ತಿದೆ ಅಂತ ಅರ್ಥ. 0.08 ಇದ್ದದ್ದು ನಿಧಾನಕ್ಕೆ ಸೊನ್ನೆ ಕಡೆ ಇಳಿಯುತ್ತದೆ. ಆಮೇಲೆ ರೆಸಿಸ್ಟರ್ ತೆಗೆದು ದಪ್ಪ ಕೇಬಲ್.

ಪ್ರತಿ ಬ್ಯಾಟರಿಯ ಪ್ಲಸ್ ಹತ್ತಿರ ಅದರದ್ದೇ ಡಿಸಿ ಫ್ಯೂಸ್ ಇರಲೇಬೇಕು. ನಾಳೆ ಒಂದರ ಒಳಗೆ ಶಾರ್ಟ್ ಆದರೆ, ಇನ್ನೊಂದು ತನ್ನ ಶಕ್ತಿಯನ್ನೆಲ್ಲ ಅದಕ್ಕೇ ಸುರಿಯುತ್ತದೆ. ಮನೆಯ ಎಸಿ ಕರೆಂಟಿಗೆ ಹಾಕುವ ಎಂಸಿಬಿ (ತಾನಾಗಿ ಟ್ರಿಪ್ ಆಗೋ ಸ್ವಿಚ್) ಇಲ್ಲಿ ಬೇಡ. ಎಸಿ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತದೆ, ಎಂಸಿಬಿ ಟ್ರಿಪ್ ಆಗುವಾಗ ಏಳುವ ಕಿಡಿ ಅಲ್ಲೇ ಆರುತ್ತದೆ. ಡಿಸಿಯಲ್ಲಿ ಆ ಅವಕಾಶ ಇಲ್ಲ.

ಕೇಬಲ್‌ಗಳು ಒಂದೇ ಉದ್ದ, ಒಂದೇ ದಪ್ಪ ಇರಲಿ. ಇನ್ವರ್ಟರಿಗೆ ಪ್ಲಸ್ ಒಂದು ಬ್ಯಾಟರಿಯಿಂದ, ಮೈನಸ್ ಇನ್ನೊಂದರಿಂದ ತೆಗೆಯಿರಿ, ಆಗ ಲೋಡ್ ಹೆಚ್ಚುಕಡಿಮೆ ಸಮ ಹಂಚುತ್ತದೆ. ಇನ್ನು ಹಳೇ ಟ್ಯೂಬ್ಯುಲರ್ (ಲೆಡ್-ಆಸಿಡ್) ಬ್ಯಾಟರಿ ಮನೆಯಲ್ಲೇ ಇದೆ, ಅದನ್ನೂ ಜೊತೆಗೆ ಸೇರಿಸೋಣ ಅಂತ ಎಲೆಕ್ಟ್ರಿಷಿಯನ್ ಹೇಳಿದರೆ, ದಯವಿಟ್ಟು ಬೇಡ ಅನ್ನಿ.