ವಿಂಡೋಸ್ ಅಳಿಸೋ ಮೊದಲು

9 ನವೆಂಬರ್ 2025, ಭಾನುವಾರ
ವಿನೋಬನಗರ, ಶಿವಮೊಗ್ಗ

ಕೋಣಂದೂರಿನಿಂದ ಮೇಷ್ಟ್ರ ಫೋನು. ಅಡಿಕೆ ಕೊಯ್ಲು ಶುರುವಾಗಿದೆ, ಸುಲಿಯೋರು ಸಿಕ್ತಾ ಇಲ್ಲ, ಕೊಳೆ ರೋಗದಲ್ಲಿ ಉಳಿದದ್ದೇ ಹೆಚ್ಚು, ಇದೆಲ್ಲ ಮುಗಿದ ಮೇಲೆ ವಿಷಯಕ್ಕೆ ಬಂದರು.

"ಅಲ್ಲ ಮಾರಾಯ, ಕಂಪ್ಯೂಟರು ಚೆನ್ನಾಗೇ ಓಡ್ತಾ ಇದೆ. ಆದ್ರೆ ನಿಮ್ಮ ವಿಂಡೋಸಿನ ಆಯಸ್ಸು ಮುಗೀತು ಅಂತ ಪರದೆ ತುಂಬ ಬರ್ತದೆ. ಅಂಗಡಿಯವ್ನು ಗುಜರಿಗೆ ಹಾಕಿ, ಹೊಸದು ತಗೊಳ್ಳಿ ಅಂತಾನೆ. ಹೌದನಾ?"

"ಗುಜರಿಗೆ ಹಾಕೋ ಅಂಥದ್ದು ಎಂತ ಆಗಿಲ್ಲ ಮೇಷ್ಟ್ರೇ. ಅದ್ರಲ್ಲಿ ಏನೇನು ಮಾಡ್ತೀರಿ ಹೇಳಿ."

"ಎಂತ ಮಾಡ್ತೀನಿ. ನುಡಿಯಲ್ಲಿ ಬರೀತೀನಿ. ದೇವಸ್ಥಾನದ ಲೆಕ್ಕ ಇದೆ. ಪಹಣಿ ನೋಡೋದು, ಕರೆಂಟ್ ಬಿಲ್ ಕಟ್ಟೋದು. ಮೊಮ್ಮಗಳು ಬಂದ್ರೆ ಯೂಟ್ಯೂಬು."

"ವ್ಯಾಪಾರದ ಲೆಕ್ಕ ಇಡೋ ಟ್ಯಾಲಿ ಇಲ್ಲ ಅಲ್ವಾ?"

"ಅದು ಮಂಡಿಯೋರಿಗೆ. ನಂಗೆ ಯಾಕೆ."

"ಪ್ರಿಂಟರ್ ಯಾವ್ದು?"

"ಬಿಳೀದು."

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತ ಮೇಲೆ ಇಂಥ ಫೋನುಗಳೇ. ಬೆಂಬಲ ನಿಂತಿತು ಅಂದರೆ ಕಂಪ್ಯೂಟರ್ ನಿಲ್ಲುತ್ತೆ ಅಂತ ಅಲ್ಲ, ಭದ್ರತೆಯ ಅಪ್‌ಡೇಟ್ ಬರುವುದಿಲ್ಲ ಅಷ್ಟೆ. ಮನೆ ಬಳಕೆಯವರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರ ತನಕ ಅದನ್ನೂ ಕೊಡುತ್ತಾರೆ. ಹಾಗಾಗಿ ಗಡಿಬಿಡಿ ಬೇಡ. ಆದರೆ ಮೇಷ್ಟ್ರದ್ದು ಆರನೇ ತಲೆಮಾರಿನ ಇಂಟೆಲ್ ಐ3 ಪ್ರೊಸೆಸರು. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಇಂಟೆಲ್ ಪ್ರೊಸೆಸರುಗಳು, ಒಂದೆರಡು ಅಪವಾದ ಬಿಟ್ಟರೆ, ಎಂಟನೇ ತಲೆಮಾರಿನಿಂದ ಶುರು; ಜೊತೆಗೆ ಟಿಪಿಎಂ 2.0 ಅನ್ನುವ ಭದ್ರತೆಯ ಏರ್ಪಾಡು ಬೇಕು. ಆ ತಪಾಸಣೆ ತಪ್ಪಿಸಿ ಹಾಕಿಕೊಡುವವರು ಇದ್ದಾರೆ, ಇನ್‌ಸ್ಟಾಲ್ ಮಾಡುವ ಪೆನ್ ಡ್ರೈವ್ ತಯಾರಿಸುವ ರೂಫಸ್‌ನಲ್ಲಿ ಒಂದು ಟಿಕ್ ಸಾಕು. ಹಾಗೆ ಹಾಕಿದ್ದಕ್ಕೆ ಅಪ್‌ಡೇಟ್ ಬಂದೇ ಬರುತ್ತೆ ಅನ್ನುವ ಖಾತ್ರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಕೋಣಂದೂರಿನಲ್ಲಿ ಕೂತವರಿಗೆ ಅಂಥ ಜೂಜು ಯಾಕೆ? ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ 22.2 ಅನ್ನುವ ಉಚಿತ ವ್ಯವಸ್ಥೆ ಹಾಕಿದರೆ 2029ರವರೆಗೆ ಅಪ್‌ಡೇಟ್ ಬರುತ್ತೆ. ನಾಲ್ಕು ಜಿಬಿ ರ‍್ಯಾಮ್ ಇದ್ದರೆ ಎಕ್ಸ್‌ಎಫ್‌ಸಿಇ ಆವೃತ್ತಿ, ಎಂಟು ಇದ್ದರೆ ತುಸು ಭಾರದ ಸಿನಮನ್.

ಮಿಂಟ್ ಹಾಕುವುದು ಅರ್ಧ ಗಂಟೆ ಕೆಲಸ. ಮೇಷ್ಟ್ರ ವಿಷಯದಲ್ಲಿ ಕೆಲಸ ಇರುವುದು ನುಡಿ ಕಡತಗಳಲ್ಲಿ, ಮತ್ತು ಅದನ್ನು ವಿಂಡೋಸ್ ಇರುವಾಗಲೇ ಮುಗಿಸಬೇಕು. ಎಲ್ಲರೂ ಇದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ.

ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೇ ಆವೃತ್ತಿ ಎರಡರಲ್ಲೂ ಟೈಪ್ ಮಾಡಿದ್ದು ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡವೇ ಅಲ್ಲ. 'ಕ' ಇರುವ ಜಾಗದಲ್ಲಿ ನಿಜಕ್ಕೂ ಇರುವುದು ಇಂಗ್ಲಿಷಿನ ದೊಡ್ಡ ಪಿ, ಅದರ ಪಕ್ಕ ತಲೆ ಮೇಲೆ ಗೀಟು ಇರುವ ಎ. ನುಡಿ ಫಾಂಟು ಆ ಎರಡನ್ನೂ ಸೇರಿಸಿ 'ಕ' ಅಂತ ಕಾಣುವ ಹಾಗೆ ಚಿತ್ರ ಬಿಡಿಸುತ್ತೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆಗೆದರೆ ಪುಟದ ತುಂಬ ಗೀಟು, ಚುಕ್ಕೆ, ಇಂಗ್ಲಿಷ್ ಅಕ್ಷರ. ಕಡತ ಹಾಳಾಯಿತು ಅಂತ ಜನ ಹೆದರಿ ಡಿಲೀಟ್ ಮಾಡುವುದೂ ಉಂಟು. ಹಾಳಾಗಿರುವುದಿಲ್ಲ. ವಿಂಡೋಸಿನ ಫಾಂಟ್ಸ್ ಫೋಲ್ಡರಿನಿಂದ ನುಡಿ ಹೆಸರಿನ ಫಾಂಟುಗಳನ್ನೆಲ್ಲ ಪೆನ್ ಡ್ರೈವಿಗೆ ಹಾಕಿಕೊಂಡು, ಮಿಂಟ್‌ನಲ್ಲಿ ಹೋಮ್ ಒಳಗೆ ಡಾಟ್-ಲೋಕಲ್, ಶೇರ್, ಫಾಂಟ್ಸ್ ಅಂತ ಇರುವ ಫೋಲ್ಡರಿಗೆ ಸುರಿದು (ಇಲ್ಲದಿದ್ದರೆ ಮಾಡಿಕೊಂಡು), ಟರ್ಮಿನಲ್‌ನಲ್ಲಿ ಎಫ್‌ಸಿ-ಕ್ಯಾಶ್ ಓಡಿಸಿದರೆ ಲಿಬ್ರೆ ಆಫೀಸಿನಲ್ಲಿ ಅದೇ ಕಡತ ಕನ್ನಡವಾಗಿ ತೆರೆದುಕೊಳ್ಳುತ್ತೆ. ಓದುವುದಕ್ಕೆ, ಮುದ್ರಿಸುವುದಕ್ಕೆ ಇಷ್ಟು ಸಾಕು.

ತಿದ್ದಬೇಕು, ಹುಡುಕಬೇಕು, ವಾಟ್ಸಾಪಿಗೆ ಅಂಟಿಸಬೇಕು ಅಂದರೆ ಮಾತ್ರ ಯೂನಿಕೋಡಿಗೆ, ಅಂದರೆ ಎಲ್ಲ ಕಂಪ್ಯೂಟರಿಗೂ ಕನ್ನಡ ಅಂತಲೇ ತಿಳಿಯುವ ಸಂಕೇತಕ್ಕೆ, ಬದಲಾಯಿಸಲೇಬೇಕು. ನುಡಿಯ ಜೊತೆಗೇ ಪರಿವರ್ತಕ ಬರುತ್ತೆ, ವಿಂಡೋಸಿನಲ್ಲಿ ಕೂತು ಮಾಡುವುದು ಅದಕ್ಕೇ. ಮಾಡಿದ ಮೇಲೆ ಮೂಲ ಕಡತ ಅಳಿಸಬಾರದು, ಹೊಸದನ್ನು ಬೇರೆ ಫೋಲ್ಡರಿಗೆ ಹಾಕಬೇಕು. ತಪ್ಪು ಬರುವ ಜಾಗಗಳು ಗೊತ್ತಿರುವಂಥವೇ. ಮೊದಲನೆಯದು ಅರ್ಕಾವೊತ್ತು. ಹಳೇ ಪದ್ಧತಿಯಲ್ಲಿ ಅದನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ವ್ಯಂಜನ ಆದಮೇಲೆ ಕೂರಿಸಿರುತ್ತಾರೆ. ಯೂನಿಕೋಡಿನಲ್ಲಿ 'ರ್' ಮೊದಲು ಬರಬೇಕು. ಪರಿವರ್ತಕ ಇದನ್ನು ಹಿಂದೆ ಮುಂದೆ ಮಾಡದಿದ್ದರೆ ತೀರ್ಥಹಳ್ಳಿ ಹೋಗಿ ತೀಥರ್ಹಳ್ಳಿ ಆಗುತ್ತೆ. ಹಾಗಾಗಿ ಪರೀಕ್ಷೆಗೆ ಅದೇ ಪದ ಸಾಕು, ಕೋಣಂದೂರು ಇರುವುದೇ ಆ ತಾಲೂಕಿನಲ್ಲಿ, ಯಾವ ಕಡತ ತೆಗೆದರೂ ಸಿಗುತ್ತೆ. ಧರ್ಮದರ್ಶಿ, ಖರ್ಚು, ಕಾರ್ತಿಕ ಇವನ್ನೂ ನೋಡಬೇಕು. ದೇವಸ್ಥಾನದ ಲೆಕ್ಕದಲ್ಲಿ 'ಖರ್ಚು' ಇಲ್ಲದ ಪುಟ ಇರುತ್ತಾ?

ಎರಡನೆಯದು ದೀರ್ಘ. ಹಳೆಯದರಲ್ಲಿ 'ಕೀ' ಅಂದರೆ 'ಕಿ' ಬರೆದು ಪಕ್ಕದಲ್ಲಿ ದೀರ್ಘದ ಗುರುತು ಬೇರೆಯಾಗಿ ಇಟ್ಟಿರುತ್ತಾರೆ. ಅರೆಬರೆ ಪರಿವರ್ತಕಗಳು ಅದನ್ನು ಹಾಗೇ ಬಿಡ್ತವೆ. ಕಣ್ಣಿಗೆ ಸರಿ ಕಾಣುತ್ತೆ, ಆದರೆ ಹುಡುಕು ಅಂದರೆ ಸಿಗದೇ ಹೋಗಬಹುದು. ಪರಿವರ್ತಿಸಿದ ಕಡತದಲ್ಲಿ 'ಬೀದಿ' ಅಂತ ಹೊಸದಾಗಿ ಟೈಪ್ ಮಾಡಿ ಹುಡುಕಿ ನೋಡಿದರೆ ಗೊತ್ತಾಗುತ್ತೆ. ಮೂರನೆಯದು, ನಡುವೆ ಇಂಗ್ಲಿಷ್ ಪದ ಇರುವ ಕಡತ. ಫಾಂಟಿನ ಹೆಸರು ನೋಡದೆ ಬರೀ ಅಕ್ಷರ ನೋಡಿ ಬದಲಾಯಿಸುವ ಪರಿವರ್ತಕ ಬ್ಯಾಂಕಿನ ಇಂಗ್ಲಿಷ್ ಹೆಸರನ್ನೂ ಅರ್ಥವಿಲ್ಲದ ಕನ್ನಡ ಮಾಡಿಡುತ್ತೆ. ಎಕ್ಸೆಲ್ ಹಾಳೆಗಳಲ್ಲಿ ಇದು ಜಾಸ್ತಿ. ಕನ್ನಡ ಇರುವ ಕಾಲಂ ಒಂದನ್ನೇ ಕಾಪಿ ಮಾಡಿ, ಬದಲಾಯಿಸಿ, ವಾಪಸ್ ಅಂಟಿಸುವುದು ಕ್ಷೇಮ.

ಮೇಷ್ಟ್ರಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಲಿಲ್ಲ. "ಹಳೇ ಕಡತ ಎಷ್ಟಿದ್ಯೋ ಅಷ್ಟನ್ನೂ ಒಂದು ಕಡೆ ಸೇರ್ಸಿ ಇಡಿ" ಅಂದೆ. "ಡೆಸ್ಕ್‌ಟಾಪ್ ಮೇಲೇ ಇದೆ ಎಲ್ಲ" ಅಂದರು. ಇರುತ್ತೆ, ಇನ್ನೆಲ್ಲಿ ಇರುತ್ತೆ.

ಬೆರಳಿನ ಅಭ್ಯಾಸದ ಮಾತು. ನುಡಿಯಲ್ಲಿ ಪಳಗಿದವರನ್ನು ಬೇರೆಯದೇ ಕೀಲಿ ವಿನ್ಯಾಸವಾದ ಇನ್‌ಸ್ಕ್ರಿಪ್ಟಿಗೆ ಬನ್ನಿ ಅಂದರೆ ಮಿಂಟ್‌ಗೇ ಬೈತಾರೆ. ಕೆ. ಪಿ. ರಾವ್ ಅವರು ರೂಪಿಸಿದ, ನುಡಿಯಲ್ಲಿರುವ ಆ ವಿನ್ಯಾಸ ಲಿನಕ್ಸಿನಲ್ಲಿ ಕಗಪ ಅನ್ನುವ ಹೆಸರಿನಲ್ಲಿ ಇದೆ, ಆದರೆ ಎರಡು ಕಡೆ ಇದೆ. ಕೀಬೋರ್ಡ್ ಲೇಔಟ್ ಪಟ್ಟಿಯಲ್ಲಿ ಸಿಗುವುದು ಒಂದು. ಅದಕ್ಕೆ ಹಿಂದಿನ ಅಕ್ಷರ ಯಾವುದು ಅಂತ ತಿಳಿಯುವುದಿಲ್ಲ, ಒಂದು ಕೀಲಿಗೆ ಒಂದು ಚಿಹ್ನೆ. ಹಾಗಾಗಿ ಪದದ ಮೊದಲಿಗೆ 'ಇ' ಬೇಕು ಅಂದಾಗ ಬರೀ ಗುಡಿಸು ಬರುತ್ತೆ, ಜನ ಇದು ಕೆಟ್ಟಿದೆ ಅಂತಾರೆ. ಬೇಕಾಗಿರುವುದು ಬೇರೆ ಭಾಷೆ ಟೈಪ್ ಮಾಡಿಸುವ ತಂತ್ರಾಂಶ ಐಬಸ್‌ನ ಒಳಗಿರುವ ಕಗಪ. ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಐಬಸ್-ಎಂ17ಎನ್ ಅಂತ ಹುಡುಕಿ ಹಾಕಿ, ಇನ್‌ಪುಟ್ ಮೆಥಡ್‌ನಲ್ಲಿ ಐಬಸ್ ಆರಿಸಿ, ಲಾಗ್ ಔಟ್ ಆಗಿ ಮತ್ತೆ ಲಾಗಿನ್ ಆಗಬೇಕು. ಆ ಲಾಗ್ ಔಟ್ ಬಿಟ್ಟುಬಿಟ್ಟರೆ ಏನೂ ಆಗುವುದಿಲ್ಲ. ಆಮೇಲೆ ಐಬಸ್ ಪ್ರಿಫರೆನ್ಸಸ್, ಕನ್ನಡ, ಕಗಪ. ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಕನ್ನಡ, ಇನ್ನೊಮ್ಮೆ ಒತ್ತಿದರೆ ಇಂಗ್ಲಿಷ್. ಒತ್ತಕ್ಷರಕ್ಕೆ ಎಫ್, ಅದೇ ಹಳೇ ಎಫ್. ಮಿಂಟ್ ಹಾಕುವಾಗ ಮಾತ್ರ ಕೀಬೋರ್ಡ್ ಇಂಗ್ಲಿಷೇ ಇರಲಿ. ಮೊದಲೇ ಕನ್ನಡ ಆರಿಸಿ ಪಾಸ್‌ವರ್ಡ್ ಕೊಟ್ಟರೆ ಬಾಗಿಲ ಹೊರಗೇ ನಿಲ್ಲಬೇಕಾಗುತ್ತೆ.

ಮೆನುವನ್ನೂ ಕನ್ನಡ ಮಾಡಬಹುದು. ನನ್ನ ಕೇಳಿದರೆ ಬೇಡ. ಅನುವಾದ ಅಲ್ಲಲ್ಲಿ ಅರ್ಧಕ್ಕೆ ನಿಂತಿದೆ, ಮತ್ತು ಫೋನಿನಲ್ಲಿ "ಸೆಟ್ಟಿಂಗ್ಸ್ ಒತ್ತಿ" ಅಂದರೆ ಮೇಷ್ಟ್ರಿಗೂ ತಿಳಿಯುತ್ತೆ, ಮೊಮ್ಮಗಳಿಗೂ ತಿಳಿಯುತ್ತೆ.

ಬಿಳೀ ಪ್ರಿಂಟರ್. ಈ ಕಡೆ ಬಿಳೀದು ಅಂದರೆ ಹೆಚ್ಚುಕಮ್ಮಿ ಎರಡರಲ್ಲಿ ಒಂದು. ಎಚ್‌ಪಿ 1020 ಆದರೆ ಸಲೀಸು, ಒಂದು ವಿಷಯ ಬಿಟ್ಟು: ಅದನ್ನು ನಡೆಸುವ ಒಳಗಿನ ತಂತ್ರಾಂಶ (ಫರ್ಮ್‌ವೇರ್) ಪ್ರಿಂಟರಿನಲ್ಲಿ ಉಳಿಯುವುದಿಲ್ಲ, ಪ್ರತಿ ಸಲ ಆನ್ ಮಾಡಿದಾಗಲೂ ಕಂಪ್ಯೂಟರಿನಿಂದ ಹೋಗಬೇಕು. ಅದಕ್ಕೆ ಎಚ್‌ಪಿ-ಪ್ಲಗಿನ್ ಅಂತ ಒಂದನ್ನು ಟರ್ಮಿನಲ್‌ನಿಂದ ಇಳಿಸಿಕೊಳ್ಳಬೇಕು. ಇಳಿಸದಿದ್ದರೆ ಪ್ರಿಂಟರ್ ಪಟ್ಟಿಯಲ್ಲಿ ಕಾಣುತ್ತೆ, ಪ್ರಿಂಟ್ ಹೋಯಿತು ಅಂತಲೂ ತೋರಿಸುತ್ತೆ, ಹಾಳೆ ಮಾತ್ರ ಬರಲ್ಲ. ಎಚ್‌ಪಿ ಪ್ರಿಂಟರುಗಳ ಡ್ರೈವರ್ ಎಚ್‌ಪಿಲಿಪ್ ಹೊಸ ಆವೃತ್ತಿಗೆ ಹೋದರೆ ಪ್ಲಗಿನ್ ಇನ್ನೊಮ್ಮೆ ಹಾಕಬೇಕು. ಕ್ಯಾನನ್ ಎಲ್‌ಬಿಪಿ 2900 ಆದರೆ ಕೂತು ಕೆಲಸ ಮಾಡಬೇಕು. ಅದು ಮಾತಾಡುವುದು ಕ್ಯಾಪ್ಟ್ ಅನ್ನುವ ಬೇರೆಯದೇ ಭಾಷೆ, ಮಿಂಟ್ ತಾನಾಗಿ ಗುರುತಿಸಿಕೊಳ್ಳುವುದಿಲ್ಲ. ಡ್ರೈವರ್ ಪ್ರತ್ಯೇಕ ಹುಡುಕಿ ಹಾಕಿ ಕಾನ್ಫಿಗರ್ ಮಾಡಬೇಕು. ಎಪ್ಸನ್‌ನ ಇಂಕ್ ಟ್ಯಾಂಕ್ ಇದ್ದವರಿಗೆ ಈ ತಲೆನೋವು ಹೆಚ್ಚೇನೂ ಇಲ್ಲ.

ಪೆನ್ ಡ್ರೈವ್ 8 ಜಿಬಿ. ಮಿಂಟಿನ ಇನ್‌ಸ್ಟಾಲ್ ಕಡತ (ಐಎಸ್‌ಒ) ಮೂರು ಜಿಬಿ ಹತ್ತಿರ ಬರುತ್ತೆ, ನೆಟ್ ಚೆನ್ನಾಗಿರುವ ಶಿವಮೊಗ್ಗದಲ್ಲೇ ಇಳಿಸಿ, ಪೂರ್ತಿ ಸರಿಯಾಗಿ ಇಳಿದಿದೆಯಾ ಅಂತ ಶಾ256 ಮೊತ್ತ ತಾಳೆ ನೋಡಿ, ರೂಫಸ್‌ನಲ್ಲಿ ಬರೆದು ಒಯ್ಯುವುದು. ಅಲ್ಲಿ ಮೊದಲು ಡಿಸ್ಕಿಗೆ ಹಾಕದೆ ಪೆನ್ ಡ್ರೈವಿನಿಂದಲೇ ಲೈವ್ ಓಡಿಸಿ ಶಬ್ದ, ನೆಟ್, ಪ್ರಿಂಟರ್ ಮೂರೂ ನೋಡಬೇಕು. ವೈಫೈ ಹಿಡಿಯದಿದ್ದರೆ ಫೋನನ್ನು ಯುಎಸ್‌ಬಿ ಕೇಬಲ್ಲಿನಲ್ಲಿ ಸಿಕ್ಕಿಸಿ ಟೆದರಿಂಗ್ ಹಾಕಿದರೆ ಡ್ರೈವರ್ ಇಳಿಸುವಷ್ಟು ನೆಟ್ ಸಿಗುತ್ತೆ.

ಮೇಷ್ಟ್ರ ಹಳೇ ಹಾರ್ಡ್ ಡಿಸ್ಕನ್ನು ಮುಟ್ಟುವುದೇ ಇಲ್ಲ. ಒಂದೇ ಡಿಸ್ಕಿನಲ್ಲಿ ಎರಡನ್ನೂ ಇಟ್ಟು ಆನ್ ಮಾಡಿದಾಗ ಯಾವುದು ಬೇಕು ಅಂತ ಕೇಳಿಸುವ ಏರ್ಪಾಡು ಹುಡುಗರಿಗೆ ಸರಿ. ಎರಡು ವ್ಯವಸ್ಥೆಗಳ ಗಡಿಯಾರ ಐದೂವರೆ ಗಂಟೆ ಜಗಳ ಆಡುವುದು, ಫಾಸ್ಟ್ ಸ್ಟಾರ್ಟಪ್ ಆಫ್ ಮಾಡದೆ ವಿಂಡೋಸಿನ ಡಿಸ್ಕ್ ಬರೀ ಓದಲು ಮಾತ್ರ ತೆರೆಯುವುದು, ಇದೆಲ್ಲ ಎಪ್ಪತ್ತು ದಾಟಿದವರಿಗೆ ಯಾಕೆ. 256 ಜಿಬಿ ಸಾಟಾ ಎಸ್‌ಎಸ್‌ಡಿ ತಗೊಂಡು, ಹಳೆಯದರ ಎರಡೂ ಕೇಬಲ್ ಬಿಚ್ಚಿ ಇದಕ್ಕೆ ಹಾಕಿ, ಇದರ ಮೇಲೆ ಮಿಂಟ್. ಹಳೆಯದು ಸಿಕ್ಕಿಕೊಂಡೇ ಇದ್ದರೆ ಇನ್‌ಸ್ಟಾಲರ್ ಬೂಟ್ ಕಡತಗಳನ್ನು ಅದರ ಮೇಲೆ ಬರೆದುಬಿಡಬಹುದು, ಆಮೇಲೆ ಅದನ್ನು ತೆಗೆದ ದಿನ ಮಿಂಟ್ ಏಳುವುದಿಲ್ಲ. ಬಿಚ್ಚಿಟ್ಟದ್ದನ್ನು ಬಟ್ಟೆ ಸುತ್ತಿ ಕಪಾಟಿನಲ್ಲಿಟ್ಟರೆ ಯಾವತ್ತು ಬೇಕಾದರೂ ಎರಡು ಕೇಬಲ್ ಬದಲಾಯಿಸಿ ವಿಂಡೋಸಿಗೆ ವಾಪಸ್. ಇನ್‌ಸ್ಟಾಲರಿಗೆ ಎಸ್‌ಎಸ್‌ಡಿ ಕಾಣದಿದ್ದರೆ, ಆನ್ ಆಗುವಾಗ ಸಿಗುವ ಸೆಟ್ಟಿಂಗ್ಸ್ ಪುಟ ಬಯೋಸ್‌ನಲ್ಲಿ ಸಾಟಾ ರೇಯ್ಡ್ ಅಂತ ಇರುತ್ತೆ, ಅದನ್ನು ಎಎಚ್‌ಸಿಐ ಮಾಡಬೇಕು. ಲ್ಯಾಪ್‌ಟಾಪಿನವರು ಹೀಗೆ ಬಯೋಸ್ ಮುಟ್ಟುವ ಮೊದಲು ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದೆಯಾ ನೋಡಿ, ರಿಕವರಿ ಕೀ ಬರೆದಿಟ್ಟುಕೊಳ್ಳಿ.

ಮಳೆಗಾಲ ಕಂಡ ಡೆಸ್ಕ್‌ಟಾಪ್ ಆದ್ದರಿಂದ ಇನ್ನೆರಡು. ಒಂದು, ಒಳಗಿನ ಗಡಿಯಾರ ನಡೆಸುವ ಸೀಮಾಸ್ ಸೆಲ್, ಸಿಆರ್ 2032, ಮೂರು ವೋಲ್ಟು. ಅದು ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗೆಲ್ಲ ತಾರೀಕು ವರ್ಷಗಟ್ಟಲೆ ಹಿಂದೆ ಹೋಗುತ್ತೆ. ಆಗ ಫೈರ್‌ಫಾಕ್ಸ್ ಯಾವ ಸೈಟೂ ತೆರೆಯಲ್ಲ, ಅಪ್‌ಡೇಟ್ ಕೂಡ 'ಈ ಕಡತ ಇನ್ನೂ ಊರ್ಜಿತವಲ್ಲ' ಅನ್ನುವ ಅರ್ಥದ ತಪ್ಪು ತೋರಿಸುತ್ತೆ, ನಾವು ನೆಟ್ ಹುಳುಕು ಹುಡುಕುತ್ತಾ ಕೂರ್ತೇವೆ. ರ‍್ಯಾಮ್ ಕಾಲುಗಳಲ್ಲಿ ತೇವಕ್ಕೆ ಪಾಚಿಬಣ್ಣ ಬಂದಿದ್ದರೆ ಮಕ್ಕಳ ರಬ್ಬರಿನಲ್ಲಿ ಉಜ್ಜಿದರೆ ಸಾಕು.

ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋಗುವುದು ನಮ್ಮಲ್ಲಿ ಅಪರೂಪವೇನಲ್ಲ. ಕಡತವ್ಯವಸ್ಥೆ ಇಎಕ್ಸ್‌ಟಿ4, ಜರ್ನಲ್ ಇದೆ, ಸಾಮಾನ್ಯವಾಗಿ ತಡೆದುಕೊಳ್ಳುತ್ತೆ. ಅರ್ಧ ಹಾಕಿದ ಪ್ಯಾಕೇಜುಗಳು ಮಾತ್ರ ಹಾಗೇ ನೇತಾಡ್ತವೆ. ಟರ್ಮಿನಲ್ ತೆಗೆದು ಸುಡೊ, ಡಿಪಿಕೆಜಿ, ಎರಡು ಅಡ್ಡಗೆರೆ ಕಾನ್ಫಿಗರ್, ಒಂದು ಅಡ್ಡಗೆರೆ ಎ. ಇದೊಂದು ಸಾಲನ್ನು ಮೇಷ್ಟ್ರ ಮಾನಿಟರಿನ ಪಕ್ಕ ಚೀಟಿ ಅಂಟಿಸಿ ಬರಬೇಕು. ಟೈಮ್‌ಶಿಫ್ಟ್ ಹಾಕಿಟ್ಟರೆ ವ್ಯವಸ್ಥೆ ಕೆಟ್ಟ ದಿನ ಹಿಂದಿನ ಸ್ಥಿತಿಗೆ ಹೋಗಬಹುದು, ಆದರೆ ಮೇಷ್ಟ್ರ ಬರಹ ಅದರಲ್ಲಿ ಇರುವುದಿಲ್ಲ. ಅದಕ್ಕೆ ಪೆನ್ ಡ್ರೈವೇ ಗತಿ.

ಟ್ಯಾಲಿ ಇರುವ ಮಂಡಿಯವರು, ಡಿಜಿಟಲ್ ಸಹಿಯ ಟೋಕನ್ ಇರುವ ಗುತ್ತಿಗೆದಾರರು ಇದನ್ನು ಓದಿ ಹುರುಪಿಗೆ ಬೀಳಬೇಡಿ. ಟ್ಯಾಲಿ ನೇರವಾಗಿ ಲಿನಕ್ಸಿನಲ್ಲಿ ಓಡುವುದಿಲ್ಲ. ಸಹಿಯ ಸಾಫ್ಟ್‌ವೇರ್ ಹೆಚ್ಚಿನದು ವಿಂಡೋಸನ್ನೇ ನೆಚ್ಚಿಕೊಂಡಿರುತ್ತೆ. ಆ ಒಂದು ಯಂತ್ರ ಬಿಟ್ಟು ಮನೆಯ ಉಳಿದವನ್ನು ಬದಲಾಯಿಸಿ.

ರ‍್ಯಾಮ್ ನಾಲ್ಕೇ ಇದೆಯಂತೆ, ಇನ್ನೊಂದು ನಾಲ್ಕು ಸೇರಿಸಿದರೆ ಸಿನಮನ್ನೇ ಹಾಕಬಹುದು. ಆದರೆ ಆರನೇ ತಲೆಮಾರಿನ ಬೋರ್ಡುಗಳಲ್ಲಿ ಡಿಡಿಆರ್ 3ಎಲ್ ಜಾತಿಯ ರ‍್ಯಾಮ್ ಕೂಡ ಇದೆ, ಡಿಡಿಆರ್ 4 ಕೂಡ ಇದೆ, ಒಂದರ ಜಾಗಕ್ಕೆ ಇನ್ನೊಂದು ಕೂರುವುದೇ ಇಲ್ಲ. ಪೆಟ್ಟಿಗೆ ಬಿಚ್ಚಿ ಒಳಗಿನ ಫೋಟೋ ಕಳಿಸಿ ಅಂದಿದ್ದೆ. ಈಗ ವಾಟ್ಸಾಪಿನಲ್ಲಿ ಬಂದಿದೆ, ಮಾನಿಟರಿನ ಹಿಂಭಾಗದ್ದು. ಪಕ್ಕದಲ್ಲಿ ಪ್ರಿಂಟರ್ ಅರ್ಧ ಕಾಣ್ತಾ ಇದೆ, ಹೆಸರಿರುವ ಜಾಗದ ಮೇಲೆ ಪಂಚಾಂಗ ಇಟ್ಟಿದ್ದಾರೆ. ಎಲ್‌ಬಿಪಿ 2900 ಇರಬಹುದಾ ಅಂತ...