ಕುಂಬಳೆಯ ಉಪ್ಪುಗಾಳಿಯಲ್ಲಿ 50 ವಾಟ್‌ನ ಒಂದು ಪ್ಯಾನೆಲ್

ಕುಂಬಳೆಯ ನಮ್ಮ ತೋಟದಿಂದ ಸಮುದ್ರಕ್ಕೆ ಎರಡು ಕಿಲೋಮೀಟರ್ ದೂರವೂ ಇಲ್ಲ. ಪಂಪ್ ಶೆಡ್ಡಿನ ದೀಪಕ್ಕೂ ಕಾಳುಮೆಣಸಿಗೆ ಮದ್ದು ಬಿಡುವ ಸ್ಪ್ರೇಯರಿನ ಬ್ಯಾಟರಿಗೂ ಬೇಕಾದ ವಿದ್ಯುತ್ತನ್ನು 50 ವಾಟ್‌ನ ಒಂದು ಮೊನೊಕ್ರಿಸ್ಟಲಿನ್ (ಒಂದೇ ಹರಳಿನ ಸಿಲಿಕಾನಿನ) ಸೋಲಾರ್ ಪ್ಯಾನೆಲ್ ಕೊಡುತ್ತಿದೆ. ಇದು ನಾನು ಕೊಂಡ ಎರಡನೆಯ ಪ್ಯಾನೆಲ್. ಮೊದಲನೆಯದು ಎರಡೇ ಮಳೆಗಾಲಕ್ಕೆ ಕೆಟ್ಟಿತು.

ಕೆಟ್ಟದ್ದು ಗಾಜೂ ಅಲ್ಲ, ಸಿಲಿಕಾನ್ ಸೆಲ್ಲೂ ಅಲ್ಲ. ಮೀಟರ್ ಹಿಡಿದರೆ 20 ವೋಲ್ಟ್ ತೋರಿಸುತ್ತಿತ್ತು, ಬ್ಯಾಟರಿಗೆ ಜೋಡಿಸಿದರೆ ಮಾತ್ರ ಚಾರ್ಜ್ ಏರುತ್ತಿರಲಿಲ್ಲ. ಹಿಂಬದಿಯಲ್ಲಿ ತಂತಿಗಳು ಸೇರುವ ಜಂಕ್ಷನ್ ಬಾಕ್ಸಿನ ಮುಚ್ಚಳ ತೆಗೆದಾಗ ತಾಮ್ರದ ತುದಿಗಳಲ್ಲಿ ಹಸುರು ಕಿಲುಬು ಕಟ್ಟಿ, ತಂತಿ ಬೆರಳಿಗೆ ತಾಗಿದರೆ ಉದುರುವಂತಾಗಿತ್ತು. ಮುಚ್ಚಳದ ರಬ್ಬರ್ ಪಟ್ಟಿ ಒಂದು ಮೂಲೆಯಲ್ಲಿ ಕೂತಿರಲೇ ಇಲ್ಲ. ಆದ್ದರಿಂದ ವೋಲ್ಟ್ ಒಂದನ್ನೇ ನೋಡಿ ಪ್ಯಾನೆಲ್ ಸರಿಯಿದೆಯೆಂದು ತೀರ್ಮಾನಿಸಬಾರದು, ಆಂಪಿಯರ್, ಅಂದರೆ ಹರಿಯುವ ಕರೆಂಟನ್ನು, ಅಳೆಯಲೇಬೇಕು.

ಹಿಂಬದಿಯ ಚೀಟಿಯಲ್ಲಿರುವ 50 ವಾಟ್ ಎಂಬುದು ಪ್ರತಿ ಚದರ ಮೀಟರಿಗೆ 1000 ವಾಟ್ ಬೆಳಕು ಬಿದ್ದು, ಸೆಲ್ಲಿನ ಉಷ್ಣತೆ 25 ಡಿಗ್ರಿ ಇದ್ದಾಗಿನ ಲೆಕ್ಕ. ನಮ್ಮ ಏಪ್ರಿಲ್ ಮಧ್ಯಾಹ್ನ ಸೆಲ್ 60 ಡಿಗ್ರಿಗೆ ಕಾಯುವುದು ಸಾಮಾನ್ಯ. ಪ್ರತಿ ಡಿಗ್ರಿಗೆ ಸುಮಾರು ಶೇಕಡಾ 0.4ರಷ್ಟು ಶಕ್ತಿ ಕುಂದುವುದರಿಂದ 43 ವಾಟ್ ಉಳಿಯುತ್ತದೆ. ಬ್ಯಾಟರಿಗೆ ಹೋಗುವ ಚಾರ್ಜನ್ನು ನಿಯಂತ್ರಿಸುವ ಕಂಟ್ರೋಲರ್ ಅಗ್ಗದ ಪಿಡಬ್ಲ್ಯುಎಂ ಬಗೆಯದಾದರೆ ಅದು ಪ್ಯಾನೆಲಿನ 18 ವೋಲ್ಟನ್ನು ಬ್ಯಾಟರಿಯ 13 ವೋಲ್ಟಿಗೆ ಇಳಿಸಿಬಿಡುವುದರಿಂದ ಕೈಗೆ ಸಿಗುವುದು ಸುಮಾರು 36 ವಾಟ್ ಮಾತ್ರ. 36 ಸೆಲ್‌ಗಳು ಸಾಲಾಗಿ ಜೋಡಿಸಿಕೊಂಡಿರುವ ಕಾರಣ ಅಡಿಕೆ ಸೋಗೆಯೊಂದರ ನೆರಳು ಒಂದೇ ಸೆಲ್ಲನ್ನು ಮುಚ್ಚಿದರೂ ಕರೆಂಟು ತೀರಾ ಇಳಿಯುತ್ತದೆ ಎಂಬುದನ್ನೂ ತೋಟದವರು ನೆನಪಿಡಬೇಕು.

ಎರಡನೆಯದನ್ನು ಕೊಳ್ಳುವಾಗ ನಾನು ವಾಟಿಗಿಂತ ಮೊದಲು ಬಾಕ್ಸನ್ನು ನೋಡಿದೆ: ದೂಳು, ನೀರು ಒಳಹೋಗದೆಂಬ ಐಪಿ 67 ಗುರುತು, ಅಂಟಿನಿಂದ ತುಂಬಿದ ಒಳಭಾಗ, ಉಪ್ಪುಗಾಳಿಯ ಪರೀಕ್ಷೆಯ ಅಂತರರಾಷ್ಟ್ರೀಯ ಮಾನದಂಡವಾದ ಐಇಸಿ 61701ರ ಉಲ್ಲೇಖ. ಗಾಜು 3.2 ಮಿಲ್ಲಿಮೀಟರ್ ದಪ್ಪದ ಟಫನ್ಡ್ ಗಾಜು. ಕಬ್ಬಿಣದ ಕ್ಲಾಂಪು ತಾಗಿದಲ್ಲಿ ಹಳೆಯ ಅಲ್ಯೂಮಿನಿಯಂ ಫ್ರೇಮಿನ ಮೇಲೆ ಬಿಳಿ ಪುಡಿ ಎದ್ದಿದ್ದರಿಂದ, ಈ ಬಾರಿ ನಡುವೆ ರಬ್ಬರ್ ತುಂಡು ಕೊಟ್ಟು ಸ್ಟೀಲ್ ಬೋಲ್ಟ್ ಬಿಗಿದೆ. ದಕ್ಷಿಣಕ್ಕೆ 15 ಡಿಗ್ರಿ ವಾಲಿಸಿದ್ದೇನೆ. ಅಷ್ಟು ಇಳಿಜಾರು ಇದ್ದರೆ ಮಳೆನೀರು ನಿಲ್ಲುವುದಿಲ್ಲ, ಕೆಳಅಂಚಿನಲ್ಲಿ ಪಾಚಿಯೂ ಕಡಿಮೆ.

ಪ್ರತಿ ಫೆಬ್ರವರಿಯ ಕೊನೆಯಲ್ಲಿ, ಮೋಡವಿಲ್ಲದ ನಡುಹಗಲು, ಗಾಜು ಒರೆಸಿ, ಶಾರ್ಟ್ ಸರ್ಕ್ಯೂಟ್ ಕರೆಂಟನ್ನು (ಪ್ಯಾನೆಲಿನ ಎರಡು ತುದಿಗಳನ್ನು ಮೀಟರಿನ ಮೂಲಕ ನೇರ ಜೋಡಿಸಿದಾಗ ಹರಿಯುವ ಕರೆಂಟನ್ನು) ಅಳೆದು ಕಂಟ್ರೋಲರ್ ಪೆಟ್ಟಿಗೆಯ ಮುಚ್ಚಳದ ಒಳಗೆ ಬರೆದಿಡುತ್ತೇನೆ. ಮೊದಲ ವರ್ಷ 2.9 ಆಂಪಿಯರ್ ಇತ್ತು. ಆರು ಮಳೆಗಾಲ ಕಳೆದ ಮೇಲೆ ಈ ವರ್ಷ 2.8 ಇದೆ.